ಹೊಗೆಗೂ ಬೆಲೆ ಕಟ್ಟಿದ ಮೇಷ್ಟ್ರು: ಆರ್ಥರ್ ಪಿಗೂ

ಮೂರನೇ ಸೆಮಿಸ್ಟರ್‌ನಲ್ಲಿ ನಾವು ನಾಲ್ಕು ಜನ ಸೇರ್ಕೊಂಡು ಒಂದು ಮಿನಿ ಪ್ರಾಜೆಕ್ಟ್ ಮಾಡಿದ್ವಿ. ಒಂದು ದೊಡ್ಡ ಬ್ಯಾಟರಿ, ಒಂದು ವಿದ್ಯುತ್ ಮಾರುಕಟ್ಟೆ. ಕರೆಂಟ್ ಅಗ್ಗ ಇರೋ ಹೊತ್ತಲ್ಲಿ ಕೊಂಡು ತುಂಬಿಸ್ಕೋಬೇಕು, ದುಬಾರಿ ಆದ ಹೊತ್ತಲ್ಲಿ ಮಾರಬೇಕು. ಎರಡು ವಾರ ತಲೆ ಕೆಡಿಸ್ಕೊಂಡ ಮೇಲೆ ಕೋಡ್ ಓಡ್ತು, ಲಾಭಾನೂ ಬಂತು. ಆ ಖುಷಿಯಲ್ಲಿ ರಿಪೋರ್ಟ್‌ನ ಕವರ್ ಮೇಲೆ ಒಂದು ಹಸಿರು ಎಲೆಯ ಚಿತ್ರ ಹಾಕಿದ್ವಿ. ಬ್ಯಾಟರಿ ಅಂದ್ರೆ ಪರಿಸರಕ್ಕೆ ಒಳ್ಳೇದು ತಾನೇ!

ರಿವ್ಯೂ ದಿನ ನಮ್ಮ ಗೈಡ್ ಮೇಡಂ ಆ ಎಲೆಯನ್ನೇ ನೋಡ್ತಾ, ಈ ಬ್ಯಾಟರಿಯಿಂದ ಹೊಗೆ ಎಷ್ಟು ಕಡಿಮೆ ಆಯ್ತು ಅಂತ ಕೇಳಿದ್ರು. ನಾವು ನಾಲ್ಕೂ ಜನ ಒಬ್ಬರ ಮುಖ ಒಬ್ಬರು ನೋಡ್ಕೊಂಡ್ವಿ. ಅದನ್ನ ಲೆಕ್ಕ ಹಾಕಿರಲೇ ಇಲ್ಲ. ಹಾಸ್ಟೆಲ್‌ಗೆ ಬಂದು ರಾತ್ರಿ ಕೂತು ಲೆಕ್ಕ ಹಾಕಿದ್ರೆ, ಹೊಗೆ ಕಡಿಮೆ ಆಗಿರ್ಲಿಲ್ಲ. ಜಾಸ್ತಿ ಆಗಿತ್ತು! ಕೋಡ್‌ನಲ್ಲಿ ತಪ್ಪಿದೆಯಾ ಅಂತ ಮೂರು ಸಲ ಹುಡುಕಿದ್ವಿ. ತಪ್ಪು ಸಿಗಲಿಲ್ಲ.

ಮಾರನೇ ದಿನ ಮೇಡಂ ಹತ್ರ ಹೋಗಿ ಹೇಳಿದಾಗ ಅವರು ಒಂದು ಹೆಸರು ಬರೆದುಕೊಟ್ಟು, ಇವರನ್ನ ಓದಿ ಅಂದ್ರು. ಯಾರೋ ಬ್ಯಾಟರಿ ಕಂಡುಹಿಡಿದ ವಿಜ್ಞಾನಿ ಇರಬೇಕು ಅಂದ್ಕೊಂಡ್ವಿ. ಹುಡುಕಿ ನೋಡಿದ್ರೆ ಅವರು ಎಂಜಿನಿಯರ್ ಅಲ್ಲ. ಚರಿತ್ರೆ ಓದಿ, ಕವಿತೆ ಬರೆದು, ಕೊನೆಗೆ ಅರ್ಥಶಾಸ್ತ್ರದ ಮೇಷ್ಟ್ರಾದ ಇಂಗ್ಲೆಂಡಿನ ಒಬ್ಬ ಮನುಷ್ಯ. ತೀರಿಕೊಂಡು ಅರವತ್ತು ವರ್ಷದ ಮೇಲಾಗಿದೆ. ಆದರೂ ನಮ್ಮ ಕೋಡ್ ಎಲ್ಲಿ ಎಡವಿತ್ತು ಅನ್ನೋದನ್ನ ಅವರು 1920ರಲ್ಲೇ ಬರೆದಿಟ್ಟಿದ್ರು. ಅವರೇ ಆರ್ಥರ್ ಸೆಸಿಲ್ ಪಿಗೂ.

ಚರಿತ್ರೆಯಿಂದ ಅರ್ಥಶಾಸ್ತ್ರಕ್ಕೆ

ಪಿಗೂ ಹುಟ್ಟಿದ್ದು 1877ರ ನವೆಂಬರ್ 18ರಂದು, ಇಂಗ್ಲೆಂಡಿನ ದಕ್ಷಿಣ ತೀರದ ಐಲ್ ಆಫ್ ವೈಟ್ ದ್ವೀಪದ ರೈಡ್ ಎಂಬ ಊರಲ್ಲಿ. ತಂದೆ ಸೈನ್ಯದಲ್ಲಿ ಅಧಿಕಾರಿ. ಓದಿನಲ್ಲಿ ಚುರುಕಾಗಿದ್ದ ಹುಡುಗ ವಿದ್ಯಾರ್ಥಿವೇತನ ಪಡೆದು ಹ್ಯಾರೋ ಶಾಲೆ ಸೇರಿದ, ಅಲ್ಲಿ ವಿದ್ಯಾರ್ಥಿಗಳ ನಾಯಕನೂ ಆದ. ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿಗೆ ಬಂದಾಗ ತಗೊಂಡ ವಿಷಯ ಚರಿತ್ರೆ. ಡಿಬೇಟ್ ಅಂದ್ರೆ ಪ್ರಾಣ. 1900ರಲ್ಲಿ ಕೇಂಬ್ರಿಜ್ ಯೂನಿಯನ್ ಚರ್ಚಾ ಸಂಘಕ್ಕೆ ಅಧ್ಯಕ್ಷರಾದ್ರು. ಅದಕ್ಕೂ ಹಿಂದಿನ ವರ್ಷ ಇಂಗ್ಲಿಷ್ ಕವಿತೆಗೆ ವಿಶ್ವವಿದ್ಯಾಲಯದ ಚಿನ್ನದ ಪದಕ ಬಂದಿತ್ತು. ಅವರ ಮೊದಲ ಪುಸ್ತಕ ಅರ್ಥಶಾಸ್ತ್ರದ್ದಲ್ಲ, ಕವಿ ರಾಬರ್ಟ್ ಬ್ರೌನಿಂಗ್ ಬಗ್ಗೆ.

ಆ ಬ್ರೌನಿಂಗ್ ಪ್ರಬಂಧ ಕೊಟ್ಟು ಕಾಲೇಜಿನ ಫೆಲೋಶಿಪ್‌ಗೆ ಪ್ರಯತ್ನಿಸಿದಾಗ ಅದು ಸಿಗಲಿಲ್ಲ. ಎರಡನೇ ಸಲ ಅರ್ಥಶಾಸ್ತ್ರದ ವಿಷಯ ಹಿಡಿದು ಬರೆದ್ರು, 1902ರಲ್ಲಿ ಸಿಕ್ತು. ಮೊದಲ ಅಟೆಂಪ್ಟ್‌ನಲ್ಲಿ ಆಗದವರಿಗೆ ಇದು ಸ್ವಲ್ಪ ಸಮಾಧಾನ ಕೊಡಬಹುದು.

ಅರ್ಥಶಾಸ್ತ್ರದ ಕಡೆ ಅವರನ್ನ ಎಳೆದವರು ಗುರು ಆಲ್ಫ್ರೆಡ್ ಮಾರ್ಷಲ್. ನಾವೆಲ್ಲ ಪಾಠದಲ್ಲಿ ನೋಡೋ ಬೇಡಿಕೆ–ಪೂರೈಕೆ ಗೆರೆಗಳಿವೆಯಲ್ಲ, ಅವನ್ನ ಜನಪ್ರಿಯ ಮಾಡಿದವರು ಅವರೇ. ಪಿಗೂಗೆ ಅವರ ಮೇಲೆ ಎಷ್ಟು ಗೌರವ ಅಂದ್ರೆ, ಆಮೇಲೆ ತಾವೇ ದೊಡ್ಡ ಪ್ರೊಫೆಸರ್ ಆದಾಗಲೂ ವಿದ್ಯಾರ್ಥಿಗಳು ಏನೇ ಕೇಳಿದ್ರೂ ಮಾರ್ಷಲ್ ಪುಸ್ತಕದಲ್ಲಿ ನೋಡಿ ಅಂತ ಕಳಿಸ್ತಿದ್ರಂತೆ. 1908ರಲ್ಲಿ ಮಾರ್ಷಲ್ ನಿವೃತ್ತರಾದಾಗ ಆ ಪೀಠ ಪಿಗೂಗೆ ಬಂತು. ಆಗ ಅವರ ವಯಸ್ಸು 30! ಅವರಿಗಿಂತ ಸುಮಾರು 28 ವರ್ಷ ದೊಡ್ಡವರಾದ ಫಾಕ್ಸ್‌ವೆಲ್ ಎಂಬ ಹಿರಿಯರು ಆ ಜಾಗಕ್ಕೆ ಕಾಯ್ತಾ ಇದ್ರು. ಮಾರ್ಷಲ್ ಕಿರಿಯನ ಪರ ನಿಂತಿದ್ದರಿಂದ ಫಾಕ್ಸ್‌ವೆಲ್ ಮನಸ್ಸಿಗೆ ಬಹಳ ನೋವಾಯ್ತು. ಪಿಗೂ ಆ ಪೀಠದಲ್ಲಿ 1943ರವರೆಗೆ, ಅಂದರೆ 35 ವರ್ಷ ಕೂತರು.

ರೈಲಿನ ಕಿಡಿ, ಊರಿನ ಮಸಿ

ಪಿಗೂಗೆ ಅರ್ಥಶಾಸ್ತ್ರ ಬರೀ ಬುದ್ಧಿಯ ಆಟ ಆಗಿರಲಿಲ್ಲ. ಆಗಿನ ಇಂಗ್ಲೆಂಡಿನಲ್ಲಿ ಒಂದು ಕಡೆ ದೊಡ್ಡ ದೊಡ್ಡ ಕಾರ್ಖಾನೆ, ಇನ್ನೊಂದು ಕಡೆ ಕೊಳೆಗೇರಿ. ಈ ಬಡತನಕ್ಕೆ ಏನಾದ್ರೂ ಮಾಡೋಕಾಗುತ್ತಾ ಅನ್ನೋ ಪ್ರಶ್ನೆಯೇ ಅವರನ್ನ ಈ ವಿಷಯದಲ್ಲಿ ಹಿಡಿದಿಟ್ಟಿದ್ದು. 1912ರಲ್ಲಿ ಸಂಪತ್ತು ಮತ್ತು ಜನರ ಸುಖದ ಬಗ್ಗೆ ಒಂದು ಪುಸ್ತಕ ಬರೆದ್ರು. ಅದನ್ನೇ ಬೆಳೆಸಿ 1920ರಲ್ಲಿ ದಿ ಎಕನಾಮಿಕ್ಸ್ ಆಫ್ ವೆಲ್‌ಫೇರ್ ಎಂಬ ದಪ್ಪ ಗ್ರಂಥ ಹೊರತಂದ್ರು.

ಆ ಗ್ರಂಥದ ಒಂದು ಮುಖ್ಯ ವಿಚಾರ ಹೀಗಿದೆ. ಒಬ್ಬ ಯಾವುದೋ ಕೆಲಸ ಮಾಡ್ತಾನೆ, ಅದಕ್ಕೆ ಅವನಿಗೆ ಲಾಭ ಬರುತ್ತೆ. ಆ ಕೆಲಸದಿಂದ ಇಡೀ ಸಮಾಜಕ್ಕೂ ಏನೋ ಒಂದು ಲಾಭ ಅಥವಾ ನಷ್ಟ ಆಗುತ್ತೆ. ಎರಡೂ ಒಂದೇ ಆಗಿದ್ರೆ ಯಾವ ತೊಂದರೆಯೂ ಇಲ್ಲ. ಆದ್ರೆ ಎಷ್ಟೋ ಸಲ ಎರಡೂ ಬೇರೆ ಬೇರೆ. ಪಿಗೂ ಕೊಟ್ಟ ಉದಾಹರಣೆ ರೈಲಿನದು. ಕಲ್ಲಿದ್ದಲು ಎಂಜಿನ್‌ನಿಂದ ಕಿಡಿ ಹಾರಿ ಹಳಿ ಪಕ್ಕದ ಕಾಡು ಸುಟ್ಟುಹೋಗುತ್ತೆ. ರೈಲ್ವೆ ಕಂಪನಿ ಆ ಕಾಡಿಗೆ ದುಡ್ಡು ಕೊಡದೇ ಇದ್ರೆ, ಅದರ ಖರ್ಚಿನ ಪಟ್ಟಿಯಲ್ಲಿ ಕಾಡು ಇರೋದೇ ಇಲ್ಲ. ಪುಸ್ತಕದಲ್ಲಿ ನಷ್ಟವೇ ಕಾಣಲ್ಲ. ಆದ್ರೆ ಕಾಡು ಸುಟ್ಟಿದ್ದು ನಿಜ ತಾನೇ?

ಎರಡನೇ ಉದಾಹರಣೆ ಕಾರ್ಖಾನೆ ಹೊಗೆ. ಮ್ಯಾಂಚೆಸ್ಟರ್‌ನಂಥ ಊರಲ್ಲಿ ಮಸಿಯಿಂದಾಗಿ ಮನೆಯವರು ಬಟ್ಟೆ ಹೆಚ್ಚು ಸಲ ಒಗೆಯಬೇಕು. ಗೋಡೆಗಳು ಹಾಳಾಗ್ತವೆ, ಹಗಲು ಹೊತ್ತಲ್ಲೂ ದೀಪ ಹಚ್ಚಬೇಕು. ಈ ಸೋಪಿನ ಖರ್ಚು, ದೀಪದ ಖರ್ಚು ಕಾರ್ಖಾನೆ ಮಾಲೀಕನ ಲೆಕ್ಕದಲ್ಲಿ ಬರೋದಿಲ್ಲ. ಊರಿನ ಬಡವರ ಮನೆಯ ಲೆಕ್ಕದಲ್ಲಿ ಬರುತ್ತೆ. ಇದಕ್ಕೆ ತದ್ವಿರುದ್ಧದ ಉದಾಹರಣೆಗಳೂ ಅವರಲ್ಲಿವೆ. ಯಾರೋ ತಮ್ಮ ಮನೆ ಬಾಗಿಲಿಗೆ ದೀಪ ಹಾಕಿಸಿದ್ರೆ ಬೀದಿಗೂ ಬೆಳಕು ಬೀಳುತ್ತೆ, ಆದ್ರೆ ದಾರಿಯಲ್ಲಿ ಹೋಗೋರು ಯಾರೂ ಅದಕ್ಕೆ ದುಡ್ಡು ಕೊಡಲ್ಲ. ಇಂಥದ್ದಕ್ಕೆಲ್ಲ ಈಗ ಎಕ್ಸ್‌ಟರ್ನಾಲಿಟಿ ಅಂತಾರೆ. ಆ ಹೆಸರು ಕೊಟ್ಟವರು ಆಮೇಲೆ ಬಂದವರು. ವಿಚಾರ ಪಿಗೂ ಅವರದ್ದು.

ಹಾಗಾದ್ರೆ ಪರಿಹಾರ? ಬೇರೆಯವರಿಗೆ ನಷ್ಟ ಮಾಡೋ ಕೆಲಸದ ಮೇಲೆ ಆ ನಷ್ಟದಷ್ಟು ತೆರಿಗೆ ಹಾಕಿ. ಬೇರೆಯವರಿಗೆ ಒಳ್ಳೇದು ಮಾಡೋ ಕೆಲಸಕ್ಕೆ ಸಹಾಯಧನ ಕೊಡಿ. ಆಗ ಮಾಲೀಕ ತನ್ನ ಲಾಭವನ್ನೇ ನೋಡ್ಕೊಂಡರೂ ಸಮಾಜದ ಲೆಕ್ಕ ತಾನಾಗೇ ಅದರೊಳಗೆ ಬಂದಿರುತ್ತೆ. ಇದಕ್ಕೇ ಇವತ್ತು ಪಿಗೂ ತೆರಿಗೆ ಅಂತ ಹೆಸರು. ಆದ್ರೆ ಅವರು ಸರ್ಕಾರವನ್ನ ಕುರುಡಾಗಿ ನಂಬಿದವರಲ್ಲ. ಅಧಿಕಾರದಲ್ಲಿ ಇರೋರಿಗೂ ಅಜ್ಞಾನ ಇರುತ್ತೆ, ಅವರ ಮೇಲೂ ಒತ್ತಡ ಬರುತ್ತೆ, ಲಂಚವೂ ಇರುತ್ತೆ ಅಂತ ಅದೇ ಪುಸ್ತಕದಲ್ಲಿ ಎಚ್ಚರಿಸಿದ್ದಾರೆ.

ಯುದ್ಧ, ಬೆಟ್ಟ, ಹಳೇ ಕೋಟು

ಈ ಎರಡು ಪುಸ್ತಕಗಳ ನಡುವೆ ಮೊದಲ ಮಹಾಯುದ್ಧ ಬಂದು ಹೋಗಿತ್ತು. ಪಿಗೂಗೆ ಕೊಲ್ಲೋದು ಒಪ್ಪಿಗೆ ಇರಲಿಲ್ಲ. ಬಂದೂಕು ಹಿಡಿಯಲಿಲ್ಲ. ಹಾಗಂತ ಕೇಂಬ್ರಿಜ್‌ನಲ್ಲಿ ಆರಾಮಾಗಿ ಕೂರಲೂ ಇಲ್ಲ. ಕಾಲೇಜಿಗೆ ರಜೆ ಬಂದಾಗೆಲ್ಲ ಯುದ್ಧ ನಡೀತಿದ್ದ ಕಡೆಗೇ ಹೋಗಿ ಆಂಬುಲೆನ್ಸ್ ತಂಡಗಳ ಜೊತೆ ಗಾಯಾಳುಗಳನ್ನ ಸಾಗಿಸೋ ಕೆಲಸ ಮಾಡಿದ್ರು. ಫ್ರಾನ್ಸ್, ಬೆಲ್ಜಿಯಂ, ಆಮೇಲೆ ಇಟಲಿ. ಗುಂಡು ಬೀಳೋ ಜಾಗಕ್ಕೂ ಹೋಗ್ತಿದ್ರು.

ಅಲ್ಲಿ ಕಂಡದ್ದು ಅವರನ್ನ ಬದಲಾಯಿಸಿತು ಅಂತ ಹತ್ತಿರದವರು ನೆನಪಿಸ್ಕೊಂಡಿದ್ದಾರೆ. ಯುದ್ಧಕ್ಕೆ ಮುಂಚೆ ತಮಾಷೆ ಮಾಡ್ತಾ, ಚರ್ಚೆ ಮಾಡ್ತಾ ಇದ್ದ ಮನುಷ್ಯ ಆಮೇಲೆ ಒಂಟಿಯಾಗಿಬಿಟ್ಟರು. ಮದುವೆ ಆಗಲಿಲ್ಲ. ಬದುಕೆಲ್ಲ ಕಿಂಗ್ಸ್ ಕಾಲೇಜಿನ ಕೋಣೆಯಲ್ಲೇ. ಬಟ್ಟೆ ಬಗ್ಗೆ ಗಮನವೇ ಇಲ್ಲ. ಸವೆದ ಹಳೇ ಕೋಟಲ್ಲೇ ಓಡಾಟ. ಸಭೆ, ಸಮಾರಂಭ, ಪಾರ್ಟಿ ಅಂದ್ರೆ ದೂರ. ಕಮಿಟಿ ಅಂತ ಸರ್ಕಾರ ಕರೆದಾಗ ಹೋಗ್ತಿದ್ರು, ಮುಗಿಸಿ ವಾಪಸ್ ಬರ್ತಿದ್ರು.

ಅವರಿಗೆ ನಿಜವಾದ ಖುಷಿ ಅಂದ್ರೆ ಬೆಟ್ಟ ಹತ್ತೋದು. ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್‌ನ ಬಟರ್‌ಮಿಯರ್ ಸರೋವರದ ಹತ್ತಿರ ಅವರದ್ದೊಂದು ಸಣ್ಣ ಮನೆ ಇತ್ತು. ರಜೆಯಲ್ಲಿ ಹುಡುಗರನ್ನ ಅಲ್ಲಿಗೆ ಕರ್ಕೊಂಡು ಹೋಗಿ ಬಂಡೆ ಹತ್ತಿಸ್ತಿದ್ರು. ಅವರ ಬಳಗದಲ್ಲಿದ್ದ ವಿಲ್ಫ್ರಿಡ್ ನಾಯ್ಸ್ ಮುಂದೆ 1953ರ ಎವರೆಸ್ಟ್ ತಂಡದಲ್ಲಿ ಒಬ್ಬರಾದ್ರು. 1920ರ ದಶಕದ ಕೊನೆಯಲ್ಲಿ ಪಿಗೂಗೆ ಹೃದಯದ ಕಾಯಿಲೆ ಶುರುವಾಯ್ತು. ಬೆಟ್ಟ ಹತ್ತೋದು ನಿಂತುಹೋಯ್ತು. ಆದರೂ ಹುಡುಗರನ್ನ ಕರೆಯೋದು ನಿಲ್ಲಲಿಲ್ಲ. ಅವರು ಹತ್ತಿ ಬರೋದನ್ನ ಕೆಳಗೆ ಕೂತು ಕಾಯ್ತಿದ್ದ ಪಿಗೂ ಅವರನ್ನ ನೆನೆಸ್ಕೊಂಡ್ರೆ ನಮಗೆ ಯಾಕೋ ಬೇಜಾರಾಗುತ್ತೆ.

ಕೇನ್ಸ್ ಕೊಟ್ಟ ಏಟು

ಜಾನ್ ಮೇನಾರ್ಡ್ ಕೇನ್ಸ್ ಹೆಸರು ಎಲ್ಲರೂ ಕೇಳಿರ್ತೀರಿ. ಪಿಗೂಗಿಂತ ಆರು ವರ್ಷ ಚಿಕ್ಕವರು, ಅದೇ ಕಿಂಗ್ಸ್ ಕಾಲೇಜು. ಕೇನ್ಸ್ ಕೇಂಬ್ರಿಜ್‌ನಲ್ಲಿ ಪಾಠ ಶುರು ಮಾಡಿದಾಗ ಅವರ ಸಂಬಳಕ್ಕೆ ಪಿಗೂ ತಮ್ಮ ಕೈಯಿಂದ ದುಡ್ಡು ಕೊಟ್ಟಿದ್ರು. ಅದೇ ಕೇನ್ಸ್ 1936ರಲ್ಲಿ ತಮ್ಮ ದಿ ಜನರಲ್ ಥಿಯರಿ ಪುಸ್ತಕದಲ್ಲಿ ಹಳೇ ಅರ್ಥಶಾಸ್ತ್ರವನ್ನೆಲ್ಲ ಬುಡಮೇಲು ಮಾಡೋಕೆ ಹೊರಟಾಗ ಏಟು ಕೊಡೋಕೆ ಆರಿಸ್ಕೊಂಡಿದ್ದು ಪಿಗೂ ಅವರನ್ನ. ಪಿಗೂ 1933ರಲ್ಲಿ ನಿರುದ್ಯೋಗದ ಬಗ್ಗೆ ಬರೆದಿದ್ದ ಪುಸ್ತಕವನ್ನ ಸಾಲು ಸಾಲಾಗಿ ಟೀಕಿಸಿದ್ರು.

ಪಿಗೂಗೆ ಸಿಟ್ಟು ಬಂತು, ಕೇನ್ಸ್ ಪುಸ್ತಕಕ್ಕೆ ಖಾರವಾದ ವಿಮರ್ಶೆ ಬರೆದ್ರು. ತಮ್ಮನ್ನ ಟೀಕಿಸಿದ್ದಕ್ಕಿಂತ ಗುರು ಮಾರ್ಷಲ್‌ರನ್ನ ಸೇರಿಸಿ ಹೀಯಾಳಿಸಿದ್ದು ಅವರಿಗೆ ನೋವು ತಂದಿತ್ತು. ಹೊಸ ಹುಡುಗರೆಲ್ಲ ಕೇನ್ಸ್ ಹಿಂದೆ ಹೋದ್ರು. ಪಿಗೂ ಅಂದ್ರೆ ಹಳೇ ಕಾಲದವರು ಅನ್ನೋ ಹಣೆಪಟ್ಟಿ ಅಂಟಿಕೊಂಡಿತು.

ಆಮೇಲೆ ಪಿಗೂ ಮಾಡಿದ ಒಂದು ಕೆಲಸ ನಮಗೆ ತುಂಬಾ ಇಷ್ಟ ಆಯ್ತು. ಕೇನ್ಸ್ 1946ರಲ್ಲಿ ತೀರಿಕೊಂಡರು. 1949ರಲ್ಲಿ, ತಮಗೆ 72 ಆಗಿದ್ದಾಗ, ಪಿಗೂ ಕೇಂಬ್ರಿಜ್‌ನಲ್ಲಿ ಕೇನ್ಸ್ ಪುಸ್ತಕದ ಮೇಲೆ ಎರಡು ಉಪನ್ಯಾಸ ಕೊಟ್ಟರು. ಆವತ್ತು ನಾನು ಬರೆದ ವಿಮರ್ಶೆಯಲ್ಲಿ ಆ ಪುಸ್ತಕದ ಮುಖ್ಯ ವಿಚಾರವನ್ನ ಸರಿಯಾಗಿ ಗುರುತಿಸಿರಲಿಲ್ಲ ಅಂತ ಎಲ್ಲರ ಮುಂದೆ ಒಪ್ಪಿಕೊಂಡರು. ಎದುರಾಳಿ ಬದುಕಿಲ್ಲ, ಯಾರೂ ಕೇಳಿರಲೂ ಇಲ್ಲ. ಆದರೂ ಲೆಕ್ಕ ತಪ್ಪಿದೆ ಅಂತ ಗೊತ್ತಾದ ಮೇಲೆ ತಿದ್ದಿಬಿಟ್ಟರು.

ಅವರು ಕಂಡ ಹೊಗೆ, ಕಾಣದ ಬ್ಯಾಟರಿ

1952ರ ಡಿಸೆಂಬರ್‌ನಲ್ಲಿ ಲಂಡನ್ ಮೇಲೆ ಐದು ದಿನ ಹೊಗೆ ಮಂಜು ಕವಿದು ನಿಂತಿತು. ಮನೆಗಳ ಒಲೆ, ಕಾರ್ಖಾನೆ, ವಿದ್ಯುತ್ ಸ್ಥಾವರಗಳ ಕಲ್ಲಿದ್ದಲು ಹೊಗೆ. ಸುಮಾರು 4,000 ಜನ ಸತ್ತರು ಅಂತ ಆಗಿನ ಅಂದಾಜು. ಆಮೇಲಿನ ಅಧ್ಯಯನಗಳು ಇನ್ನೂ ಹೆಚ್ಚು ಹೇಳ್ತವೆ. ಮೂವತ್ತೆರಡು ವರ್ಷದ ಹಿಂದೆ ಹೊಗೆಯ ಖರ್ಚು ಯಾರು ಕೊಡ್ತಿದ್ದಾರೆ ಅಂತ ಬರೆದಿದ್ದ ಮೇಷ್ಟ್ರು ಆಗ ನಿವೃತ್ತರಾಗಿ ಕೇಂಬ್ರಿಜ್‌ನಲ್ಲಿದ್ರು. 1956ರಲ್ಲಿ ಬ್ರಿಟನ್ ಸ್ವಚ್ಛ ಗಾಳಿಯ ಕಾನೂನು ತಂತು. ಅದು ಪಿಗೂ ಹೇಳಿದ ತೆರಿಗೆ ಅಲ್ಲ, ಕಪ್ಪು ಹೊಗೆಗೆ ನಿಷೇಧ. ಪಿಗೂ 1959ರ ಮಾರ್ಚ್ 7ರಂದು ಕೇಂಬ್ರಿಜ್‌ನಲ್ಲೇ ತೀರಿಕೊಂಡರು. ವಯಸ್ಸು 81.

ಮರು ವರ್ಷವೇ, 1960ರಲ್ಲಿ, ರೊನಾಲ್ಡ್ ಕೋಸ್ ಎಂಬ ಅರ್ಥಶಾಸ್ತ್ರಜ್ಞ ಪಿಗೂ ವಿಚಾರವನ್ನ ಪ್ರಶ್ನಿಸಿ ಒಂದು ಲೇಖನ ಬರೆದ್ರು. ತೆರಿಗೆಯೇ ಬೇಕಾಗಿಲ್ಲ, ಹಕ್ಕು ಯಾರದ್ದು ಅಂತ ಸ್ಪಷ್ಟ ಮಾಡಿದ್ರೆ ಮಾತುಕತೆಯಲ್ಲೂ ಬಗೆಹರಿಸ್ಕೋಬಹುದು ಅನ್ನೋದು ಅವರ ವಾದದ ಒಂದು ಭಾಗ. ಹೊಗೆ ಬಿಡೋ ಪರ್ಮಿಟ್‌ಗಳನ್ನ ಕೊಂಡು ಮಾರೋ ಪದ್ಧತಿ ಬೆಳೆದಿದ್ದು ಈ ದಾರಿಯಲ್ಲಿ. ಫಿನ್‌ಲ್ಯಾಂಡ್ 1990ರಲ್ಲಿ, ಸ್ವೀಡನ್ 1991ರಲ್ಲಿ ಇಂಗಾಲದ ತೆರಿಗೆ ತಂದವು. ಅದು ಪಿಗೂ ದಾರಿ. ಯುರೋಪಿಯನ್ ಒಕ್ಕೂಟ 2005ರಲ್ಲಿ ಪರ್ಮಿಟ್ ಮಾರುಕಟ್ಟೆ ತೆರೆಯಿತು. ಅದು ಇನ್ನೊಂದು ದಾರಿ. ಎರಡರಲ್ಲೂ ಕೊನೆಗೆ ಆಗೋದು ಒಂದೇ: ಹೊಗೆಗೆ ಒಂದು ಬೆಲೆ ಬರುತ್ತೆ, ಆ ಬೆಲೆ ಕರೆಂಟ್ ದರದೊಳಗೆ ಸೇರುತ್ತೆ.

ಕರೆಂಟನ್ನ ದೊಡ್ಡ ಪ್ರಮಾಣದಲ್ಲಿ ಕೂಡಿಡೋದನ್ನ ಪಿಗೂ ನೋಡಲಿಲ್ಲ. ಬ್ರಿಟನ್ನಿನ ಮೊದಲ ದೊಡ್ಡ ಪಂಪ್ಡ್ ಸ್ಟೋರೇಜ್ ಸ್ಥಾವರ ವೇಲ್ಸ್‌ನ ಫೆಸ್ಟಿನಿಯಾಗ್‌ನಲ್ಲಿ ಶುರುವಾಗಿದ್ದು 1963ರಲ್ಲಿ, ಅವರು ಹೋದ ನಾಲ್ಕು ವರ್ಷಕ್ಕೆ. 1984ರಲ್ಲಿ ಅದೇ ವೇಲ್ಸ್‌ನಲ್ಲಿ ಒಂದು ಬೆಟ್ಟದ ಹೊಟ್ಟೆ ಕೊರೆದು ಡಿನಾರ್ವಿಗ್ ಕಟ್ಟಿದ್ರು. ಸುಮಾರು 1,700 ಮೆಗಾವಾಟ್. ರಾತ್ರಿ ಅಗ್ಗದ ಕರೆಂಟಲ್ಲಿ ನೀರನ್ನ ಮೇಲೆ ಎತ್ತಿ, ಬೇಡಿಕೆ ಏರಿದಾಗ ಕೆಳಗೆ ಬಿಟ್ಟು ಕರೆಂಟ್ ತೆಗೀತಾರೆ. ಎತ್ತೋಕೆ 100 ಯೂನಿಟ್ ಖರ್ಚಾದ್ರೆ ವಾಪಸ್ ಬರೋದು ಸುಮಾರು 75. ಬ್ಯಾಟರಿಯೂ ಇದೇ ಕೆಲಸ ಮಾಡುತ್ತೆ, ಸೋರೋದು ಮಾತ್ರ ಕಡಿಮೆ. ಒಟ್ಟಲ್ಲಿ ಸ್ಟೋರೇಜ್ ತಾನೇ ಕರೆಂಟ್ ಹುಟ್ಟಿಸಲ್ಲ. ಇನ್ನೊಬ್ಬರ ಕರೆಂಟನ್ನ ಒಂದು ಹೊತ್ತಿಂದ ಇನ್ನೊಂದು ಹೊತ್ತಿಗೆ ಸಾಗಿಸುತ್ತೆ, ದಾರಿಯಲ್ಲಿ ಸ್ವಲ್ಪ ಕಳೆಯುತ್ತೆ.

ನಮ್ಮ ಕೋಡ್ ಎಡವಿದ ಜಾಗ

ಈಗ ನಮ್ಮ ಪ್ರಾಜೆಕ್ಟ್‌ಗೆ ಬರೋಣ. ನಾವು ಆಮೇಲೆ ಪಿಗೂ ತಲೆಯಿಂದ ಯೋಚಿಸಿ ಒಂದು ಸಣ್ಣ ಲೆಕ್ಕ ಮಾಡಿದ್ವಿ. ಅಂಕಿಗಳು ನಮ್ಮದೇ ಊಹೆ, ಅರ್ಥ ಆಗೋಕೆ ಇಟ್ಕೊಂಡಿದ್ದು. ಪೆನ್ನು ತಗೊಂಡು ನೀವೂ ಮಾಡಿ ನೋಡಿ.

ಒಂದನೇ ಊರು. ರಾತ್ರಿ ಕಲ್ಲಿದ್ದಲಿನ ಕರೆಂಟ್ ಯೂನಿಟ್‌ಗೆ 3 ರೂಪಾಯಿ, ಯೂನಿಟ್‌ಗೆ 0.95 ಕೆ.ಜಿ. ಇಂಗಾಲದ ಡೈಆಕ್ಸೈಡ್. ಸಂಜೆ ಪೀಕ್‌ನಲ್ಲಿ ಗ್ಯಾಸ್ ಕರೆಂಟ್ ಯೂನಿಟ್‌ಗೆ 6 ರೂಪಾಯಿ, 0.45 ಕೆ.ಜಿ. ಬ್ಯಾಟರಿಗೆ 100 ಯೂನಿಟ್ ತುಂಬಿದ್ರೆ 85 ವಾಪಸ್. ಕೊಂಡಿದ್ದು 300 ರೂಪಾಯಿಗೆ, ಮಾರಿದ್ದು 510ಕ್ಕೆ, ಲಾಭ 210. ಹೊಗೆ? ತುಂಬಿಸೋಕೆ ಕಲ್ಲಿದ್ದಲು ಸುಟ್ಟು 95 ಕೆ.ಜಿ. ಬಿಟ್ವಿ, ಸಂಜೆ ಗ್ಯಾಸ್ ಸ್ಥಾವರದ್ದು 38.25 ಕೆ.ಜಿ. ಉಳಿಸಿದ್ವಿ. ಒಟ್ಟು 56.75 ಕೆ.ಜಿ. ಜಾಸ್ತಿ. ನಮ್ಮ ಪ್ರಾಜೆಕ್ಟ್‌ನಲ್ಲಿ ಆಗಿದ್ದು ಇದೇ.

ಎರಡನೇ ಊರು. ಮಧ್ಯಾಹ್ನ ಸೋಲಾರ್ ಬೇಕಾದ್ದಕ್ಕಿಂತ ಹೆಚ್ಚಿದೆ, ಯೂನಿಟ್‌ಗೆ 1 ರೂಪಾಯಿ. ಸಂಜೆ ಕಲ್ಲಿದ್ದಲಿನ ಕರೆಂಟ್ 3 ರೂಪಾಯಿ. 100 ರೂಪಾಯಿಗೆ ಕೊಂಡು 255ಕ್ಕೆ ಮಾರಿದ್ವಿ, ಲಾಭ 155. ಹೊಗೆ 80.75 ಕೆ.ಜಿ. ಕಡಿಮೆ.

ನಿಮ್ಮ ಹತ್ರ ಒಂದೇ ಬ್ಯಾಟರಿ ಇದ್ರೆ ಯಾವ ಊರಲ್ಲಿ ಇಡ್ತೀರಿ? ಸಾಲ ತೀರಿಸ್ಬೇಕಾದ ಮಾಲೀಕ ಒಂದನೇ ಊರಿಗೇ ಹೋಗ್ತಾನೆ. ಅವನು ಕೆಟ್ಟವನಲ್ಲ. ಅವನ ಲೆಕ್ಕದ ಪುಸ್ತಕದಲ್ಲಿ ಹೊಗೆ ಅನ್ನೋ ಕಾಲಂ ಇಲ್ಲ, ರೈಲ್ವೆ ಕಂಪನಿ ಪುಸ್ತಕದಲ್ಲಿ ಕಾಡು ಇಲ್ಲದ ಹಾಗೆ.

ಈಗ ಹೊಗೆಗೆ ಕೆ.ಜಿ.ಗೆ 2 ರೂಪಾಯಿ ಬೆಲೆ ಹಾಕಿ. ಕಲ್ಲಿದ್ದಲಿನ ಕರೆಂಟ್ 4.90 ಆಗುತ್ತೆ, ಗ್ಯಾಸ್ 6.90. ಒಂದನೇ ಊರಲ್ಲಿ ಲಾಭ 96.50ಕ್ಕೆ ಇಳಿಯುತ್ತೆ. ಎರಡನೇ ಊರಲ್ಲಿ 316.50ಕ್ಕೆ ಏರುತ್ತೆ. ಅದೇ ಬ್ಯಾಟರಿ, ಅದೇ ಮಾಲೀಕ, ಅದೇ ಕೋಡ್. ಆದ್ರೆ ಈಗ ಅವನು ಎರಡನೇ ಊರಿಗೆ ಹೋಗ್ತಾನೆ. ಬೆಲೆ ಕೆ.ಜಿ.ಗೆ ಸುಮಾರು 3.70 ಆದ್ರೆ ಒಂದನೇ ಊರಲ್ಲಿ ಲಾಭ ಸೊನ್ನೆ. ಗಮನಿಸಿ, ಬ್ಯಾಟರಿಗೆ ನಾವು ಯಾವ ತೆರಿಗೆನೂ ಹಾಕಿಲ್ಲ, ಬೋಧನೆನೂ ಮಾಡಿಲ್ಲ. ಕರೆಂಟ್ ದರದಲ್ಲಿ ಹೊಗೆ ಸೇರಿದ್ದರಿಂದ ಅದರ ಲಾಭದಲ್ಲೇ ಹೊಗೆಯ ಲೆಕ್ಕ ಬಂದುಬಿಡ್ತು.

ಇದು ಬರೀ ಪೇಪರ್ ಮೇಲಿನ ಮಾತಲ್ಲ. ಕ್ಯಾಲಿಫೋರ್ನಿಯಾದಲ್ಲಿ ಬ್ಯಾಟರಿ ಹಾಕಿಸಿದವರಿಗೆ ಸಬ್ಸಿಡಿ ಕೊಟ್ಟು, ಆಮೇಲೆ ನೋಡಿದ್ರೆ ಎಷ್ಟೋ ಬ್ಯಾಟರಿಗಳಿಂದ ಹೊಗೆ ಜಾಸ್ತಿ ಆಗಿತ್ತು. 2019ರಲ್ಲಿ ಅಲ್ಲಿನ ನಿಯಂತ್ರಕರು, ಹೊಗೆ ಕಡಿಮೆ ಆಗೋ ಹೊತ್ತು ನೋಡಿ ಓಡಿಸಬೇಕು ಅಂತ ನಿಯಮ ಬದಲಾಯಿಸಿದ್ರು. ಪಿಗೂ ಅವರ ನಾಡಲ್ಲೇ 2013ರಲ್ಲಿ ವಿದ್ಯುತ್ ಸ್ಥಾವರಗಳ ಹೊಗೆಗೆ ಕನಿಷ್ಠ ಬೆಲೆ ತಂದ್ರು. 2012ರಲ್ಲಿ ಬ್ರಿಟನ್ನಿನ ಕರೆಂಟ್‌ನಲ್ಲಿ ಸುಮಾರು 40 ಶೇಕಡಾ ಕಲ್ಲಿದ್ದಲಿಂದ ಬರ್ತಿತ್ತು. 2020ರ ಹೊತ್ತಿಗೆ 2 ಶೇಕಡಾಕ್ಕಿಂತ ಕಡಿಮೆ. ಬೇರೆ ಕಾರಣಗಳೂ ಇದ್ದವು, ಆದ್ರೆ ಈ ಬೆಲೆ ಮುಖ್ಯವಾದದ್ದು. 2024ರ ಸೆಪ್ಟೆಂಬರ್ 30ಕ್ಕೆ ಕೊನೆಯ ಕಲ್ಲಿದ್ದಲು ಸ್ಥಾವರವೂ ನಿಂತಿತು. ಡಿನಾರ್ವಿಗ್‌ನಲ್ಲಿ ಅದೇ ಬೆಟ್ಟ, ಅದೇ ನೀರು, ಅವೇ ಟರ್ಬೈನ್. ಆದ್ರೆ ರಾತ್ರಿ ಪಂಪ್ ಓಡಿಸೋ ಕರೆಂಟ್‌ನಲ್ಲಿ ಈಗ ಅಲ್ಲಿಯ ಕಲ್ಲಿದ್ದಲು ಇಲ್ಲ.

ನಮ್ಮ ದೇಶ? 2010ರಲ್ಲಿ ಭಾರತವೂ ಕಲ್ಲಿದ್ದಲಿನ ಮೇಲೆ ಟನ್‌ಗೆ 50 ರೂಪಾಯಿ ಸೆಸ್ ಹಾಕಿತು, 2016ರಲ್ಲಿ ಅದು 400 ಆಯ್ತು, 2017ರಲ್ಲಿ ಜಿಎಸ್‌ಟಿ ಪರಿಹಾರ ಸೆಸ್ ಒಳಗೆ ಸೇರಿ 2025ರವರೆಗೆ ಇತ್ತು. ಒಂದು ಟನ್ ನಮ್ಮ ಕಲ್ಲಿದ್ದಲು ಸುಟ್ರೆ ಸುಮಾರು ಒಂದೂವರೆ ಟನ್ ಇಂಗಾಲದ ಡೈಆಕ್ಸೈಡ್ ಅಂತ ಹಿಡಿದ್ರೆ, 400 ರೂಪಾಯಿ ಅಂದ್ರೆ ಕೆ.ಜಿ.ಗೆ ಸುಮಾರು 27 ಪೈಸೆ. ನಮ್ಮ ಒಂದನೇ ಊರಿನ ಬ್ಯಾಟರಿಗೆ ಆ 27 ಪೈಸೆ ಲೆಕ್ಕಕ್ಕೇ ಬರ್ತಿರಲಿಲ್ಲ. ಹಾಗಂತ ಬೆಲೆ ಒಮ್ಮೆಲೇ ಏರಿಸಿಬಿಡಿ ಅಂತ ಹೇಳೋದೂ ಸುಲಭ ಅಲ್ಲ. ಕರೆಂಟ್ ಬಿಲ್ ಕಟ್ಟೋ ಮನೆಯಲ್ಲಿ ನಮ್ಮನೆಯೂ ಇದೆ, ನಿಮ್ಮನೆಯೂ ಇದೆ. ಸೋಪಿನ ಖರ್ಚು ಬಡವರ ಮೇಲೆ ಬೀಳುತ್ತೆ ಅಂತ ನೊಂದ ಪಿಗೂ, ತೆರಿಗೆಯ ಭಾರ ಯಾರ ಮೇಲೆ ಬೀಳುತ್ತೆ ಅನ್ನೋದನ್ನೂ ಕೇಳದೇ ಬಿಡ್ತಿರಲಿಲ್ಲ.

ಇನ್ನು ಎರಡು ವರ್ಷಕ್ಕೆ ಪ್ಲೇಸ್‌ಮೆಂಟ್. ನಮ್ಮಲ್ಲಿ ಎಷ್ಟೋ ಜನ ಬ್ಯಾಟರಿ, ಇ.ವಿ., ಗ್ರಿಡ್ ಕಂಪನಿಗಳಿಗೇ ಹೋಗ್ತೀವಿ. ಅಲ್ಲಿ ಯಾರಾದ್ರೂ ನಮಗೆ ಇಂಥದ್ದೇ ಕೋಡ್ ಬರೆಯೋಕೆ ಹೇಳ್ತಾರೆ. ಆವಾಗ ಎಫಿಶಿಯೆನ್ಸಿ ಎಷ್ಟು, ಲಾಭ ಎಷ್ಟು ಅನ್ನೋದರ ಜೊತೆಗೆ, ತುಂಬಿಸೋ ಹೊತ್ತಲ್ಲಿ ಯಾವ ಸ್ಥಾವರ ಓಡ್ತಿದೆ, ಖಾಲಿ ಮಾಡೋ ಹೊತ್ತಲ್ಲಿ ಯಾವುದು ನಿಲ್ಲುತ್ತೆ ಅಂತ ಕೇಳ್ಬೇಕು. ಇಷ್ಟು ಕೇಳೋಕೆ ಅರ್ಥಶಾಸ್ತ್ರದ ಡಿಗ್ರಿ ಬೇಕಾಗಿಲ್ಲ.

ನಾವು ಪ್ರಾಜೆಕ್ಟ್ ರಿಪೋರ್ಟ್ ತಿದ್ದಿ ಮತ್ತೆ ಕೊಟ್ವಿ. ಮೊದಲು ಬರೆದಿದ್ದ ತಪ್ಪು ತೀರ್ಮಾನವನ್ನ ಅಳಿಸಲಿಲ್ಲ. ಅದರ ಕೆಳಗೆ ಸರಿಯಾದ ಲೆಕ್ಕ, ತಪ್ಪಿದ್ದು ಎಲ್ಲಿ ಅನ್ನೋ ಒಂದು ಪುಟ ಸೇರಿಸಿದ್ವಿ. 72ನೇ ವಯಸ್ಸಲ್ಲಿ ಪಿಗೂ ಅವರಿಗೆ ಆಗಿದ್ದು ನಮಗೆ 19ಕ್ಕೆ ಆಗದೇ ಇದ್ರೆ ಹೇಗೆ? ಕವರ್ ಮೇಲಿದ್ದ ಹಸಿರು ಎಲೆಯನ್ನ ಮಾತ್ರ ತೆಗೆದ್ವಿ.